ವಾಸಿಯಾದ ಮೇಲೆ

ದೆಹಲಿಯ ಕನ್ನಡಿಗರ ಬಗ್ಗೆ ಬರೆಯಲು ಕೂತರೆ ಕೆಲವು ವಿಷಯಗಳು ಕರೆಯದೆಯೇ ಬಂದು ಸಾಲಾಗಿ ನಿಲ್ಲುತ್ತವೆ. ಜನವರಿಯ ಮಂಜು, ಮೇ ತಿಂಗಳ ‘ಲೂ’ ಗಾಳಿ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರ ಕೈಲಿ ತರಿಸಿಕೊಂಡ ಸಾರಿನ ಪುಡಿ, ರಾಮಕೃಷ್ಣಪುರದ ಕರ್ನಾಟಕ ಸಂಘದಲ್ಲಿ ನೋಡಿದ ನಾಟಕ, ಹಿಂದಿಯಲ್ಲಿ ಸ್ತ್ರೀಲಿಂಗ ಪುಲ್ಲಿಂಗ ಅದಲುಬದಲಾಗಿ ಆಟೋದವನು ನಕ್ಕದ್ದು. ಕಾಯಿಲೆಯ ವಿಷಯ ಮಾತ್ರ ಬರೋದಿಲ್ಲ. ಬಂದರೂ ಡೆಂಗಿ, ಇಲ್ಲವೇ ಹೊಗೆಯ ಕೆಮ್ಮು, ಅಷ್ಟೇ. ಕ್ಯಾನ್ಸರ್ ವಯಸ್ಸಾದವರ ಕಾಯಿಲೆ, ವಯಸ್ಸಾದವರು ಊರಲ್ಲಿರುತ್ತಾರೆ ಅಂತ ನಾವು ಮನಸ್ಸಿನಲ್ಲೇ ಪಾಲು ಮಾಡಿಕೊಂಡುಬಿಟ್ಟಿದ್ದೇವೆ.

ಆದರೆ ದೆಹಲಿಗೆ ಬರುವವರು ಯಾವ ವಯಸ್ಸಿನವರು ಅಂತ ಒಮ್ಮೆ ನೋಡಿ. ಐ.ಎ.ಎಸ್. ತಯಾರಿಗೆಂದು ರಾಜಿಂದರ್ ನಗರದಲ್ಲಿ ಕಿಟಕಿಯಿಲ್ಲದ ಕೋಣೆ ಹಿಡಿದವರು, ಜೆ.ಎನ್.ಯು.ಗೆ ಬಂದವರು, ನೊಯ್ಡಾ ಗುರುಗ್ರಾಮದ ಕಂಪನಿಗಳಿಗೆ ವರ್ಗವಾದವರು, ಮಂತ್ರಾಲಯಗಳ ಸಹಾಯಕರು, ಆಸ್ಪತ್ರೆಯ ನರ್ಸುಗಳು, ಪ್ಯಾರಾಮಿಲಿಟರಿ ಹುಡುಗರು. ಇವರಲ್ಲಿ ಬಹುಪಾಲು ಇಪ್ಪತ್ತರಿಂದ ನಲವತ್ತರ ಒಳಗಿನವರು. ಕ್ಯಾನ್ಸರ್ ವೈದ್ಯರು ಈಗ ಬೇರೆಯಾಗಿಯೇ ಎಣಿಸುವ ಗುಂಪೂ ಹೆಚ್ಚು ಕಡಿಮೆ ಇದೇ. 15ರಿಂದ 39 ವರ್ಷದವರನ್ನು ಮಕ್ಕಳ ಜೊತೆಗೂ ಸೇರಿಸಬಾರದು, ಮುದುಕರ ಜೊತೆಗೂ ಸೇರಿಸಬಾರದು ಅಂತ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಒಂದು ವರದಿಯಲ್ಲಿ ಖಚಿತವಾಗಿ ಹೇಳಿದ್ದು 2006ರಲ್ಲಿ. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಇವರಿಗೆ ನೆಲೆಯೇ ಇರಲಿಲ್ಲ ಅನ್ನಬಹುದು. ಒಂದು ಕಡೆ ಗೋಡೆಗೆ ಆನೆ ಒಂಟೆ ಬಿಡಿಸಿದ ಮಕ್ಕಳ ವಾರ್ಡು. ಇನ್ನೊಂದು ಕಡೆ ಬೀಡಿ ತಂಬಾಕಿನಿಂದ ಬಾಯಿ ಗಂಟಲು ಕೆಟ್ಟ ಹಿರಿಯರ ವಾರ್ಡು. ಇಪ್ಪತ್ತಾರರ ಹುಡುಗ ಇವೆರಡರ ನಡುವೆ.

ಈ ವಯಸ್ಸಿನಲ್ಲಿ ಬರುವ ಕ್ಯಾನ್ಸರುಗಳ ಜಾತಿಯೂ ಬೇರೆ. ದುಗ್ಧಗ್ರಂಥಿಗಳ ಹಾಜ್‌ಕಿನ್ ಕಾಯಿಲೆ, ಗಂಡಸರ ವೃಷಣದ ಗೆಡ್ಡೆ, ಮೂಳೆಯದು, ರಕ್ತದ್ದು, ಥೈರಾಯ್ಡಿನದು. ನಮ್ಮ ದೇಶದಲ್ಲಿ ಹೆಂಗಸರಿಗೆ ಸ್ತನದ ಕ್ಯಾನ್ಸರ್ ಕೂಡ ಪಶ್ಚಿಮದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಬರುತ್ತದೆ. ಇವುಗಳಲ್ಲಿ ಎಷ್ಟೋ ಪೂರ್ತಿ ಗುಣವಾಗುತ್ತವೆ. ಇದು ಸಂತೋಷದ ಸಂಗತಿ. ಆದರೆ ಅರವತ್ತೆಂಟಕ್ಕೆ ಗುಣವಾದವನಿಗೆ ಮುಂದೆ ಹತ್ತು ಹದಿನೈದು ವರ್ಷದ ಲೆಕ್ಕ. ಇಪ್ಪತ್ತಾರಕ್ಕೆ ಗುಣವಾದವನಿಗೆ ಐವತ್ತು ವರ್ಷದ್ದು. ಅದರಲ್ಲಿ ಕೆಲಸ ಸಿಗಬೇಕು, ಮದುವೆಯಾಗಬೇಕು, ಮಕ್ಕಳಾಗಬೇಕು, ಮನೆ ಸಾಲ ತೀರಬೇಕು, ತಂದೆ ತಾಯಿಯನ್ನು ನೋಡಿಕೊಳ್ಳಬೇಕು. ವೈದ್ಯಶಾಸ್ತ್ರ ರೋಗವನ್ನು ಗೆಲ್ಲುವುದನ್ನು ಮೊದಲು ಕಲಿತು, ಈ ಐವತ್ತು ವರ್ಷದ ಕಡೆ ತಿರುಗಿ ನೋಡಿದ್ದು ಬಹಳ ತಡವಾಗಿ. ಅದನ್ನು ತಿರುಗಿಸಿದವರಲ್ಲಿ ಮೊದಲಿಗರು ಆ ಕಾಯಿಲೆ ತಾವೇ ಅನುಭವಿಸಿ ಎದ್ದವರು.

ಹಾಜ್‌ಕಿನ್ ಕಾಯಿಲೆಯ ಕತೆಯನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ಥಾಮಸ್ ಹಾಜ್‌ಕಿನ್ ಇದನ್ನು ವಿವರಿಸಿದ್ದು 1832ರಲ್ಲಿ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಹರಡಿದ ರೋಗಕ್ಕೆ ಮದ್ದಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ವೈದ್ಯರು ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಅದರಲ್ಲಿ ಒಂದು ಯುದ್ಧದ ಸಾಸಿವೆ ಅನಿಲದ ವಂಶದ್ದು! ಸಾಯಲೇಬೇಕಿದ್ದ ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದರು. ವೈದ್ಯರು ಹಿಗ್ಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಬದುಕಿದ ಗಂಡಸರಲ್ಲಿ ಹೆಚ್ಚಿನವರಿಗೆ ಮುಂದೆ ಮಕ್ಕಳಾಗಲಿಲ್ಲ. ಎದೆಗೆ ವಿಕಿರಣ ಕೊಡಿಸಿಕೊಂಡ ಹುಡುಗಿಯರಲ್ಲಿ ಹದಿನೈದಿಪ್ಪತ್ತು ವರ್ಷದ ಮೇಲೆ ಸ್ತನದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. (ವಿಕಿರಣಕ್ಕೆ ನಮ್ಮ ಕಡೆ ‘ಕರೆಂಟು ಕೊಡೋದು’ ಅಂತಾರೆ. ದೆಹಲಿಯಲ್ಲಿ ‘ಸಿಕಾಯಿ’ ಅಂತಾರೆ, ಮೊಣಕಾಲಿಗೆ ಶಾಖ ಕೊಟ್ಟ ಹಾಗೆ. ಎಷ್ಟು ಮೆತ್ತಗಿನ ಮಾತು!) 1970ರ ದಶಕದಲ್ಲಿ ಇಟಲಿಯ ಮಿಲಾನಿನಲ್ಲಿ ಬೊನಾಡೊನ್ನ ಎಂಬ ವೈದ್ಯರು ಬೇರೆ ನಾಲ್ಕು ಔಷಧಿಗಳ ಜೋಡಣೆ ತಂದ ಮೇಲೆ ಸಂತಾನದ ತೊಂದರೆ ಬಹಳ ಕಡಿಮೆಯಾಯಿತು. ಬದಲಿಗೆ ಹೃದಯವನ್ನೂ ಶ್ವಾಸಕೋಶವನ್ನೂ ಕಾಯುವ ಕೆಲಸ ಗಂಟುಬಿತ್ತು.

1975ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಫಿಟ್ಜ್‌ಹ್ಯೂ ಮಲ್ಲನ್ ಎಂಬ 32 ವರ್ಷದ ಡಾಕ್ಟರು ತನ್ನದೇ ಎದೆಯ ಎಕ್ಸ್‌ರೇ ನೋಡಿ ಅದರಲ್ಲಿ ಗೆಡ್ಡೆ ಕಂಡ. ಹತ್ತು ವರ್ಷ ಕಳೆದು, 1985ರಲ್ಲಿ, ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಲೇಖನ ಬರೆದ. ಗುಣವಾಯಿತು ಅಥವಾ ಆಗಲಿಲ್ಲ ಅಂತ ಎರಡೇ ಖಾನೆ ಇಟ್ಟುಕೊಂಡರೆ ಸಾಲದು, ರೋಗ ಗೊತ್ತಾದ ದಿನದಿಂದ ಮನುಷ್ಯ ಋತುಗಳ ಹಾಗೆ ಒಂದರ ಮೇಲೊಂದು ಹಂತ ದಾಟುತ್ತಾನೆ ಅನ್ನೋದು ಅದರ ಸಾರ. ಮರುವರ್ಷ ಅವನೂ ಗೆಳೆಯರೂ ಸೇರಿ ಒಂದು ಒಕ್ಕೂಟ ಕಟ್ಟಿದರು. ‘ಸರ್ವೈವರ್’ ಎಂಬ ಪದ ಕ್ಯಾನ್ಸರಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಅವರಿಂದ. ಕನ್ನಡದಲ್ಲಿ ಇದಕ್ಕೆ ಇನ್ನೂ ಸರಿಯಾದ ಪದ ಸಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ‘ಬದುಕುಳಿದವರು’ ಅಂದರೆ ರೈಲು ಅಪಘಾತದ ಸುದ್ದಿ ಓದಿದಂತಾಗುತ್ತದೆ. ‘ಕ್ಯಾನ್ಸರ್ ಗೆದ್ದವರು’ ಪತ್ರಿಕೆಯ ಹೆಡ್ಡಿಂಗಿಗೆ ಸರಿ. ನಮ್ಮೂರ ಕಡೆಯ ‘ವಾಸಿಯಾಯ್ತು’ ಎನ್ನುವ ಮಾತೇ ವಾಸಿ, ಆದರೆ ಅದು ಅಲ್ಲಿಗೆ ಮುಗಿದುಹೋಗುತ್ತದೆ. ವಾಸಿಯಾದ ಮೇಲೇನು ಅನ್ನೋದಕ್ಕೆ ಅದರಲ್ಲಿ ಜಾಗ ಇಲ್ಲ.

ಮಲ್ಲನ್ ಒಕ್ಕೂಟ ಕಟ್ಟಿದ 1986ರಲ್ಲೇ ದೆಹಲಿಯ ಹೆಣ್ಣುಮಗಳೊಬ್ಬಳು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಳು. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ ಹರ್ಮಾಲಾ ಗುಪ್ತಾ. ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು, ಪುಟ್ಟ ಮಗನಿದ್ದ. ಆಕೆಗೆ ಹಾಜ್‌ಕಿನ್ ಕಾಯಿಲೆ ಅಂತ ಗೊತ್ತಾಯಿತು. ಪರದೇಶದಲ್ಲಿ ಓದಲು ಹೋದಾಗ ಹೀಗಾದರೆ ಏನು ಗತಿ ಅಂತ ನಾವು ಮರುಗುತ್ತೇವೆ. ಆದರೆ ಅಲ್ಲಿ ಆಕೆಗೆ ಚಿಕಿತ್ಸೆಯ ಜೊತೆ ಇನ್ನೊಂದು ಸಿಕ್ಕಿತು. ಇದೇ ಕಾಯಿಲೆಯವರು ಒಟ್ಟಿಗೆ ಕೂತು ಬಾಯಿಬಿಟ್ಟು ಮಾತಾಡುವ ಗುಂಪು. ಗುಣವಾಗಿ ದೆಹಲಿಗೆ ಮರಳಿದಾಗ ಇಲ್ಲಿ ಅಂಥದ್ದೇನೂ ಇರಲಿಲ್ಲ. ಇಲ್ಲಿ ಆ ಹೆಸರನ್ನೇ ಎತ್ತುತ್ತಿರಲಿಲ್ಲ. ರೋಗಿಗೆ ಹೇಳದೆ ಅಪ್ಪನಿಗೆ ಹೇಳುವುದು, ಅಪ್ಪ ಅಮ್ಮನಿಗೆ ಹೇಳದಿರುವುದು, ಎಲ್ಲರಿಗೂ ಗೊತ್ತಿದ್ದು ಯಾರೂ ಆಡದಿರುವುದು. ಊರಿಂದ ದೂರ ಇದ್ದಾಗ ಸಿಕ್ಕ ಮಾತು ಊರಿಗೆ ಬಂದಾಗ ಸಿಗಲಿಲ್ಲ! ಆಕೆ 1991ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ದೆಹಲಿ ಶಾಖೆಯ ಆಸರೆಯಲ್ಲಿ ‘ಕ್ಯಾನ್ಸರ್ ಸಹಯೋಗ್’ ಶುರುಮಾಡಿದರು. ಕಾಯಿಲೆಯಿಂದ ಎದ್ದವರೇ ಆಸ್ಪತ್ರೆಗೆ ಹೋಗಿ ಈಗ ಮಲಗಿರುವವರ ಪಕ್ಕ ಕೂರುವುದು. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ. ಕೂದಲು ಮತ್ತೆ ಬೆಳೆದ ಒಬ್ಬ ಮನುಷ್ಯ ಎದುರಿಗೆ ನಿಂತರೆ ಸಾಕು, ಡಾಕ್ಟರ ಹತ್ತು ಮಾತಿಗೆ ಸಮ. 1996ರಲ್ಲಿ ಅವರು ಕಟ್ಟಿದ ‘ಕ್ಯಾನ್‌ಸಪೋರ್ಟ್’ ಇನ್ನೂ ಮುಂದೆ ಹೋಗಿ, ಗುಣವಾಗದವರ ಮನೆಗೇ ವೈದ್ಯರನ್ನೂ ನರ್ಸನ್ನೂ ಕಳಿಸುವ ಕೆಲಸ ಹಿಡಿಯಿತು.

ಅದೇ ಹತ್ತಿಪ್ಪತ್ತು ವರ್ಷಗಳಲ್ಲಿ ದೆಹಲಿ ಉತ್ತರ ಭಾರತಕ್ಕೆಲ್ಲ ಕ್ಯಾನ್ಸರಿನ ರಾಜಧಾನಿಯಾಯಿತು. 1956ರ ಏಮ್ಸ್‌ಗೆ 1980ರ ದಶಕದಲ್ಲಿ ರೋಟರಿಯ ನೆರವಿನಿಂದ ಕ್ಯಾನ್ಸರ್ ಆಸ್ಪತ್ರೆ ಸೇರಿತು. 1996ರಲ್ಲಿ ರೋಹಿಣಿಯಲ್ಲಿ ರಾಜೀವ್ ಗಾಂಧಿ ಕ್ಯಾನ್ಸರ್ ಸಂಸ್ಥೆ ಬಂತು. ಬಿಹಾರ, ಉತ್ತರ ಪ್ರದೇಶ, ಉತ್ತರಾಖಂಡದಿಂದ ಬಂದವರು ಏಮ್ಸ್ ಸುತ್ತಲಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಸಿ ಮಲಗಿರುವುದನ್ನು ದೆಹಲಿ ನೋಡಿದ ಕನ್ನಡಿಗರೆಲ್ಲ ನೋಡಿರುತ್ತಾರೆ. ಕೈಲಿ ಅಗಲವಾದ ಪಾಲಿಥಿನ್ ಚೀಲ, ಅದರೊಳಗೆ ಸ್ಕ್ಯಾನಿನ ಫಿಲ್ಮು. ಸ್ವಲ್ಪ ಕಾಸಿದ್ದವರು ಗೌತಮ್ ನಗರದಲ್ಲೋ ಯೂಸುಫ್ ಸರಾಯಿಯಲ್ಲೋ ಕೋಣೆ ಹಿಡಿಯುತ್ತಾರೆ. ಕೀಮೋ ಎರಡು ಮೂರು ವಾರಕ್ಕೊಮ್ಮೆ, ಹೀಗೆ ಆರು ತಿಂಗಳು. ನಡುವೆ ಊರಿಗೆ ಹೋಗಿ ಬರುವಷ್ಟು ಬಿಡುವೂ ಅಲ್ಲ, ಸುಮ್ಮನೆ ಇರುವಷ್ಟು ದುಡ್ಡೂ ಇಲ್ಲ.

ಈಗ ಒಂದಿಷ್ಟು ಒತ್ತಡ ಇಳಿಸಲು ಹರಿಯಾಣದ ಝಜ್ಜರ್ ಜಿಲ್ಲೆಯಲ್ಲಿ ಏಮ್ಸ್‌ನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದೆ. ಅದರ ಉದ್ಘಾಟನೆಯಾದದ್ದು 2019ರಲ್ಲಿ. ಹೊಲಗಳ ನಡುವೆ ಎದ್ದ ಆಸ್ಪತ್ರೆ. ಸುತ್ತ ಉಳಿಯಲು ಏನಿದೆ? 2021ರ ಅಕ್ಟೋಬರ್ 21ರಂದು ಅಲ್ಲಿ 806 ಹಾಸಿಗೆಗಳ ವಿಶ್ರಾಮ ಸದನವೊಂದು ತೆರೆಯಿತು. ಕಟ್ಟಿಸಿಕೊಟ್ಟದ್ದು ಬೆಂಗಳೂರಿನ ಇನ್ಫೋಸಿಸ್ ಪ್ರತಿಷ್ಠಾನ. ಭೋಜಪುರಿಯೋ ಹರಿಯಾಣವಿಯೋ ಮಾತಾಡುವ ತಾಯಂದಿರು ಮಗನನ್ನು ಕೀಮೋಗೆ ಬಿಟ್ಟು ಬಂದು ಒರಗುವ ಹಾಸಿಗೆ ನಮ್ಮೂರಿನ ದುಡ್ಡಿನದು. ನಮ್ಮಲ್ಲಿ ಇದು ಬಹಳ ಜನಕ್ಕೆ ಗೊತ್ತಿರಲಾರದು ಅಂತ ಇಲ್ಲಿ ಹೇಳಿದೆ.

ಕನ್ನಡಿಗರು ಹೆಚ್ಚಾಗಿ ದೆಹಲಿಗೆ ಚಿಕಿತ್ಸೆಗೆಂದೇ ಬರುವವರಲ್ಲ. ಅವರಿಗೆ ಕಿದ್ವಾಯಿ ಇದೆ, ಬೆಳಗಾವಿ ವಿಜಯಪುರದ ಕಡೆಯವರಿಗೆ ಮುಂಬಯಿಯ ಟಾಟಾ ಹತ್ತಿರ. ದೆಹಲಿಯಲ್ಲಿ ಕನ್ನಡಿಗನಿಗೆ ಕ್ಯಾನ್ಸರ್ ಅಂದರೆ ಅವನು ದುಡಿಯಲು ಬಂದವನೇ. ‘ಊರಿಗೆ ಬಂದ್ಬಿಡಪ್ಪ, ಇಲ್ಲೇ ತೋರಿಸೋಣ’ ಅಂತ ಮನೆಯವರು ಕರೆಯುತ್ತಾರೆ. ಅವನು ಹೋಗುವುದಿಲ್ಲ. ಯಾಕೆ ಅಂದ್ರೆ ಕೆಲಸ ಇಲ್ಲಿದೆ, ಕೆಲಸದ ಜೊತೆ ವಿಮೆ ಇದೆ. ವಿಮೆ ಹೋದರೆ ಹೊಸದಾಗಿ ಯಾರು ಕೊಡುತ್ತಾರೆ? ಇ.ಎಸ್.ಐ. ಯೋಜನೆ ದೇಶದಲ್ಲಿ ಮೊದಲು ಜಾರಿಯಾದದ್ದೇ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ. ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಅದರಲ್ಲಿ ದಿನಗೂಲಿಯ ಶೇಕಡಾ 80ರಷ್ಟನ್ನು ಎರಡು ವರ್ಷದವರೆಗೂ ಕೊಡುವ ಏರ್ಪಾಡಿದೆ. ಒಳ್ಳೆಯದೇ. ಆದರೆ ಅದಕ್ಕೆ ಮೊದಲು ಎರಡು ವರ್ಷ ಎಡೆಬಿಡದೆ ವಿಮೆಯಡಿ ದುಡಿದಿರಬೇಕೆಂಬ ನಿಯಮವೂ ಬಂದಿದೆ. ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾದವನಿಗೆ, ಆರಾರು ತಿಂಗಳಿಗೆ ಗುತ್ತಿಗೆದಾರ ಬದಲಾಗುವವಳಿಗೆ ಏನು? ಈ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಇಪ್ಪತ್ತು ವರ್ಷ ಒಂದೇ ಗಿರಣಿಯಲ್ಲಿ ದುಡಿದ ಕೆಲಸಗಾರ. ಖಾಸಗಿ ಆರೋಗ್ಯ ವಿಮೆಯಲ್ಲೂ ಹಳೇ ಕಾಯಿಲೆಗೆ ಕಾಯಿಸುವ ಅವಧಿಯನ್ನು 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದರು. ಅಂದರೆ ಕೆಲಸ ಬಿಟ್ಟು ಊರು ಸೇರಿದವನು ಮೂರು ವರ್ಷ ಕಾಯಿಲೆ ಮರುಕಳಿಸದಂತೆ ನೋಡಿಕೊಳ್ಳಬೇಕು, ತನ್ನ ಕೈಲಿದ್ದ ಹಾಗೆ!

ಅದಕ್ಕೇ ಎಷ್ಟೋ ಜನ ಹೇಳುವುದಿಲ್ಲ. ಆಫೀಸಿನಲ್ಲಿ ಕಾಮಾಲೆ ಅಂತಾರೆ, ಊರಿನ ನೆಂಟರಿಗೆ ಟೈಫಾಯ್ಡ್ ಅಂತಾರೆ. ನೋಡಿಕೊಳ್ಳಲು ಬಂದ ಅಮ್ಮ ‘ಮಗ ಕರೆಸ್ಕೊಂಡಿದಾನೆ, ಡೆಲ್ಲಿ ನೋಡ್ಕೊಂಡು ಬರ್ತೀನಿ’ ಅಂತ ಬೀದಿಯವರಿಗೆ ಹೇಳಿ ರೈಲು ಹತ್ತಿರುತ್ತಾಳೆ. ಆರು ತಿಂಗಳು ಒಂದೇ ಕೋಣೆ. ಹಿಂದಿ ಬಾರದು, ತರಕಾರಿಯವನ ಹತ್ತಿರ ಬೆರಳು ಎಣಿಸಿ ವ್ಯವಹಾರ. ಬಚ್ಚಲಿಗೆ ಒಬ್ಬನೇ ಹೋಗಲಾರದ ಇಪ್ಪತ್ತೆಂಟರ ಮಗನನ್ನು ಕೈಹಿಡಿದು ಕರೆದೊಯ್ಯಬೇಕು. ಅವನಿಗೆ ನಾಚಿಕೆ, ಆಕೆಗೆ ಆ ನಾಚಿಕೆ ಕಂಡು ಸಂಕಟ. ಮಗನ ಮೇಲೆ ಒರಗೋಣ ಅಂದುಕೊಂಡ ವಯಸ್ಸಿನಲ್ಲಿ ಮಗನೇ ಒರಗಿದ. ಊರಲ್ಲಿ ಅಪ್ಪ ಹೊಲದ ಪಹಣಿ ಹಿಡಿದು ಓಡಾಡುತ್ತಾನೆ, ತಂಗಿಯ ಮದುವೆ ಮಾತು ಯಾವ ಕಾರಣವನ್ನೂ ಹೇಳದೆ ಮುಂದಕ್ಕೆ ಹೋಗುತ್ತದೆ. ಆಕೆ ಕಾರಣ ಕೇಳುವಂತಿಲ್ಲ, ಕೋಪಿಸಿಕೊಳ್ಳುವಂತಿಲ್ಲ. ಆಸ್ಪತ್ರೆಯ ಯಾವ ಕಾಗದದಲ್ಲೂ ತಂಗಿಯ ಹೆಸರಿರುವುದಿಲ್ಲ. ಮದುವೆಯಾದ ಹೆಣ್ಣುಮಗಳಿಗೇ ಕಾಯಿಲೆ ಬಂದರೆ ಅನೇಕ ಮನೆಗಳಲ್ಲಿ ಖರ್ಚು ತವರಿನ ಮೇಲೆ ಬೀಳುತ್ತದೆ, ತಟ್ಟೆ ಲೋಟ ಬೇರೆಯಾಗುತ್ತದೆ. ಇದು ಅಂಟುವ ರೋಗವಲ್ಲ ಅಂತ ಶಾಲೆಯಲ್ಲೇ ಓದಿದವರ ಮನೆಗಳಲ್ಲೂ.

ಮಾತ್ರೆಯ ಕತೆಯೂ ಇದರೊಳಗೇ ಬರುತ್ತದೆ. ಸಿ.ಎಂ.ಎಲ್. ಅನ್ನುವ ರಕ್ತದ ಕ್ಯಾನ್ಸರ್ ಪಶ್ಚಿಮದಲ್ಲಿ ಅರವತ್ತರ ಆಸುಪಾಸಿನವರಿಗೆ ಬರುವುದು ಹೆಚ್ಚು, ನಮ್ಮಲ್ಲಿ ಮೂವತ್ತೈದು ನಲವತ್ತಕ್ಕೇ. 2001ರಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದಾಗ ಈ ಕಾಯಿಲೆ ಸಕ್ಕರೆ ಕಾಯಿಲೆಯಂತೆ ದಿನಾ ಮಾತ್ರೆ ನುಂಗಿ ಬದುಕಬಹುದಾದ್ದಾಯಿತು. ಸ್ವಿಸ್ ಕಂಪನಿ ನೊವಾರ್ಟಿಸ್‌ನ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ನಮ್ಮ ದೇಶದ ಕಂಪನಿಗಳದ್ದಕ್ಕೆ ಎಂಟು ಹತ್ತು ಸಾವಿರ. (ಕಂಪನಿ ತನ್ನ ಮಾತ್ರೆಯನ್ನು ಭಾರತದ ಸಾವಿರಾರು ರೋಗಿಗಳಿಗೆ ಪುಕ್ಕಟೆ ಕೊಡುತ್ತಿತ್ತು ಅನ್ನೋದನ್ನೂ ಹೇಳಬೇಕು.) ಪೇಟೆಂಟಿನ ಜಗಳ ದೆಹಲಿಯ ಸುಪ್ರೀಂ ಕೋರ್ಟಿಗೆ ಬಂದು, 2013ರ ಏಪ್ರಿಲ್ 1ರಂದು ಕಂಪನಿಯ ಅರ್ಜಿ ವಜಾ ಆಯಿತು. ಪ್ರಪಂಚವೆಲ್ಲ ಸುದ್ದಿಯಾದ ತೀರ್ಪು ಅದು. ಕಡಿಮೆ ಬೆಲೆಯ ಮಾತ್ರೆ ಉಳಿಯಿತು. ಆದರೆ ಗರ್ಭಿಣಿಯರು ಆ ಮಾತ್ರೆ ತೆಗೆದುಕೊಳ್ಳುವಂತಿಲ್ಲ, ಮಗುವಿಗೆ ಅಪಾಯ. ಇಪ್ಪತ್ತೇಳರ ಹುಡುಗಿಗೆ ಡಾಕ್ಟರು ‘ಜೀವನಪೂರ್ತಿ ತಗೊಳ್ಳಿ’ ಅಂದಾಗ ಅವಳಿಗೆ ಕೇಳಿಸುವುದು ಬೇರೆಯೇ. ಹಲವು ವರ್ಷ ರೋಗದ ಸುಳಿವೇ ಸಿಗದಿದ್ದ ಕೆಲವರು ಮಾತ್ರೆ ನಿಲ್ಲಿಸಬಹುದೇನೋ ಅಂತ ಫ್ರಾನ್ಸಿನ ವೈದ್ಯರು ತೋರಿಸಿದ್ದು 2010ರಲ್ಲಿ. ನಿಲ್ಲಿಸಿದ ಹತ್ತರಲ್ಲಿ ನಾಲ್ವರಿಗೆ ಮಾತ್ರ ವರ್ಷ ಕಳೆದರೂ ರೋಗ ಮರಳಲಿಲ್ಲ. ಈ ಲೆಕ್ಕವನ್ನು ಅತ್ತೆಮನೆಯಲ್ಲಿ ಹೇಗೆ ವಿವರಿಸುವುದು?

ಇಷ್ಟು ಹೊತ್ತಿಗೆ ನೀವು ಯುವರಾಜ್ ಸಿಂಗ್ ಹೆಸರು ಯಾಕೆ ಬರಲಿಲ್ಲ ಅಂತ ಕಾಯುತ್ತಿರಬಹುದು. 2011ರ ವಿಶ್ವಕಪ್ಪಿನಲ್ಲಿ 362 ರನ್, 15 ವಿಕೆಟ್, ಸರಣಿಯ ಶ್ರೇಷ್ಠ. ಚೆನ್ನೈಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಶತಕ ಹೊಡೆಯುವಾಗ ಮೈದಾನದಲ್ಲೇ ವಾಂತಿ ಮಾಡಿಕೊಂಡಿದ್ದು ಬಿಸಿಲಿಗೆ ಅಂತ ಎಲ್ಲರೂ ಅಂದುಕೊಂಡರು. ಆ ವರ್ಷದ ಕೊನೆಗೆ ಅದು ಕ್ಯಾನ್ಸರ್ ಅಲ್ಲದ ಗೆಡ್ಡೆ ಅಂತ ಸುದ್ದಿ ಬಂತು. 2012ರ ಫೆಬ್ರವರಿಯಲ್ಲಿ ನಿಜ ಹೊರಬಿತ್ತು. ಎರಡು ಶ್ವಾಸಕೋಶಗಳ ನಡುವಿನ ಗೆಡ್ಡೆ. ಆಗ ಅವನಿಗೆ ಮೂವತ್ತು. ಚಿಕಿತ್ಸೆ ಇಂಡಿಯಾನಾಪೊಲಿಸ್‌ನಲ್ಲಿ, ಡಾ. ಲಾರೆನ್ಸ್ ಐನ್‌ಹಾರ್ನ್ ಬಳಿ. 1974ರಲ್ಲಿ ಹರಡಿಹೋಗಿದ್ದ ವೃಷಣದ ಕ್ಯಾನ್ಸರಿನ ಒಬ್ಬ ಕಾಲೇಜು ಹುಡುಗನನ್ನು ಸಿಸ್‌ಪ್ಲಾಟಿನ್ ಸೇರಿಸಿ ಗುಣಮಾಡಿ, ಸಾವಿನ ಕಾಯಿಲೆಯನ್ನು ವಾಸಿಯಾಗುವ ಕಾಯಿಲೆ ಮಾಡಿದ ವೈದ್ಯರು ಇವರೇ. ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೂ ಗುಣವಾದದ್ದು ಅದೇ ಊರಲ್ಲಿ. ಶ್ವಾಸಕೋಶ ಕೆಡಿಸಬಲ್ಲ ಬ್ಲಿಯೋಮೈಸಿನ್ ಬದಲಿಗೆ ಬೇರೆ ಔಷಧಿ ಕೊಟ್ಟದ್ದರಿಂದ ಅವನು ಮತ್ತೆ ಸೈಕಲ್ ಹತ್ತಿದ. (ಆಮೇಲೆ 2012ರಲ್ಲಿ ಉದ್ದೀಪನ ಮದ್ದಿನ ಕಾರಣಕ್ಕೆ ಪ್ರಶಸ್ತಿಗಳನ್ನೆಲ್ಲ ಕಳೆದುಕೊಂಡದ್ದು ಬೇರೆ ಮಾತು.) ಮಗನ ಜೊತೆ ಅಮ್ಮ ಶಬ್ನಂ ಹೋಗಿದ್ದರು. ನಮ್ಮ ಕುಂಬ್ಳೆ ಕೂಡ ಅಲ್ಲಿಗೆ ಹೋಗಿ ನೋಡಿಕೊಂಡು ಬಂದರು. ಏಪ್ರಿಲ್‌ನಲ್ಲಿ ಬೋಳುತಲೆಯ ಯುವರಾಜ್ ದೆಹಲಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ದೇಶಕ್ಕೆ ದೇಶವೇ ಟಿ.ವಿ. ಮುಂದಿತ್ತು. ಸೆಪ್ಟೆಂಬರಿನಲ್ಲಿ ಮತ್ತೆ ಭಾರತಕ್ಕೆ ಆಡಿದ.

ಇದರಿಂದ ಆದ ಉಪಕಾರ ಸಣ್ಣದಲ್ಲ. ಕ್ಯಾನ್ಸರ್ ಯುವಕರಿಗೂ ಬರುತ್ತದೆ, ಬಂದರೂ ಎದ್ದು ನಿಲ್ಲಬಹುದು ಅಂತ ಹಳ್ಳಿ ಹಳ್ಳಿಗೂ ತಿಳಿಯಿತು. ಕೀಮೋಗೆ ಕೂದಲು ಉದುರಿದ ಹುಡುಗರು ‘ಯುವಿ ಕಟ್’ ಅನ್ನುವಂತಾಯಿತು. ಆದರೆ ನನಗೊಂದು ತಕರಾರಿದೆ. ಆ ಮೇಲೆ ನೆಂಟರು, ಸಹೋದ್ಯೋಗಿಗಳು ಎಲ್ಲರಿಗೂ ಆರು ತಿಂಗಳ ಲೆಕ್ಕ ಸಿಕ್ಕಿಬಿಟ್ಟಿತು. ‘ಯುವರಾಜನೇ ಆಡ್ತಿದಾನೆ, ನಿಂಗೇನಪ್ಪ?’ ಕೀಮೋ ಮುಗಿದು ವರ್ಷವಾದರೂ ಬೆರಳ ತುದಿ ಜುಂ ಅನ್ನೋದು, ಮಧ್ಯಾಹ್ನಕ್ಕೇ ಸುಸ್ತು ಹೊಡೆಯೋದು, ಸಣ್ಣ ಕೆಮ್ಮು ಬಂದರೂ ರಾತ್ರಿ ನಿದ್ದೆ ಹೋಗೋದು, ಸ್ಕ್ಯಾನಿನ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡದಿರೋದು, ಇವು ಯಾವುದೂ ಟಿ.ವಿ.ಯಲ್ಲಿ ಬರಲಿಲ್ಲ. ಅವನೇನೋ 2013ರ ತನ್ನ ಪುಸ್ತಕದಲ್ಲಿ ಭಯವನ್ನೂ ದಣಿವನ್ನೂ ಮುಚ್ಚಿಡದೆ ಹೇಳಿದ್ದಾನೆ. ನೋಡಿದವರು ನೆನಪಿಟ್ಟುಕೊಂಡದ್ದು ಸಿಕ್ಸರನ್ನು.

ಯುವರಾಜ್ 2016ರಲ್ಲಿ ಮದುವೆಯಾದ, 2022ರಲ್ಲಿ ಮಗ ಹುಟ್ಟಿದ. ಕೀಮೋಗೆ ಮುಂಚೆ ವೀರ್ಯವನ್ನು ಶೀತಲದಲ್ಲಿ ಕಾಪಿಡುವ ವ್ಯವಸ್ಥೆ ದೆಹಲಿಯಲ್ಲಿ ಬಹುಕಾಲದಿಂದ ಇದೆ. ಗಂಡಸರಿಗೆ ಅದು ಒಂದೆರಡು ದಿನದ ಕೆಲಸ. ಹೆಂಗಸರ ಅಂಡಾಣು ತೆಗೆಯಲು ಎರಡು ವಾರದಷ್ಟು ಬೇಕು, ಖರ್ಚೂ ಹೆಚ್ಚು. ಕಾಯಿಲೆ ಗೊತ್ತಾದ ವಾರ ಆ ಮಾತೆತ್ತುವವರು ಯಾರು? ಡಾಕ್ಟರಿಗೆ ಪುರುಸೊತ್ತಿಲ್ಲ. ಹುಡುಗ ಅಪ್ಪನ ಎದುರು ಕೂತಿರುತ್ತಾನೆ, ಅಪ್ಪ ‘ಮೊದಲು ಜೀವ ಉಳಿಸಿ ಸಾರ್’ ಅಂತಾನೆ. ಮದುವೆಯಾಗದ ಹೆಣ್ಣುಮಗಳ ಮುಂದಂತೂ ಆ ವಿಷಯ ಬಾಯಿಗೇ ಬರುವುದಿಲ್ಲ. ಐದು ವರ್ಷ ಕಳೆದು ಸಂಬಂಧ ನೋಡುವಾಗ ಎಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ. ಗಂಡಿನ ಕಡೆಯವರಿಗೆ ಹೇಳಬೇಕೇ, ಯಾವಾಗ ಹೇಳಬೇಕು, ಯಾರು ಹೇಳಬೇಕು. ‘ಹೇಳಿಯೇ ಮಾಡಬೇಕು’ ಅನ್ನೋದು ನನ್ನ ಮಟ್ಟಿಗೆ ಸರಿಯಾದ ಉತ್ತರ. ಆದರೆ ಹೇಳಿದ್ದಕ್ಕೆ ಮೂರು ಕಡೆ ಮುರಿದುಬಿದ್ದ ಮನೆಯವರ ಮುಂದೆ ಅದನ್ನು ಗಟ್ಟಿಯಾಗಿ ಹೇಳಲು ನನಗೆ ಧೈರ್ಯ ಸಾಲದು.

ಮಕ್ಕಳ ವಾರ್ಡಿನಿಂದ ಗುಣವಾಗಿ ಹೋದವರು ಈಗ ದೊಡ್ಡವರಾಗಿ ಇದೇ ಸಾಲಿಗೆ ಬಂದು ಸೇರುತ್ತಿದ್ದಾರೆ. ಮುಂಬಯಿಯ ಟಾಟಾದಲ್ಲಿ ಚಿಕಿತ್ಸೆ ಮುಗಿದವರಿಗೆಂದೇ ಕ್ಲಿನಿಕ್ ತೆರೆದದ್ದು 1991ರಲ್ಲಿ. ದೆಹಲಿಯಲ್ಲಿ 2004ರಿಂದ ‘ಕ್ಯಾನ್‌ಕಿಡ್ಸ್’ ಸಂಸ್ಥೆ ಇದೆ, ಕಟ್ಟಿದವರಲ್ಲಿ ಪೂನಂ ಬಗಾಯಿ ಸ್ವತಃ ಕ್ಯಾನ್ಸರಿನಿಂದ ಎದ್ದವರು. ಇಲ್ಲೂ ಅದೇ, ಅನುಭವಿಸಿದವರೇ ಮುಂದೆ ಬಂದದ್ದು. ಯಾವ ಔಷಧಿ ಎಷ್ಟು ಹೋಗಿದೆ, ಹೃದಯವನ್ನು ಯಾವಾಗ ನೋಡಿಸಬೇಕು ಅನ್ನುವ ವಿವರ ಒಂದು ಕಾಗದದಲ್ಲಿ ಬರೆದುಕೊಟ್ಟರೆ ಊರಿನ ಡಾಕ್ಟರಿಗೂ ದಾರಿ ಸಿಗುತ್ತದೆ. ಅಷ್ಟು ಸಣ್ಣ ಕಾಗದವೂ ಹೆಚ್ಚಿನವರ ಹತ್ತಿರ ಇಲ್ಲ. ಇರುವುದು ಮಡಚಿ ಮಡಚಿ ಹರಿದ ಡಿಸ್ಚಾರ್ಜ್ ಸಮ್ಮರಿ.

ಒಂದು ಕಡೆ ಮಾತ್ರ ಈ ಜನರ ಲೆಕ್ಕ ಮೊದಲಿನಿಂದ ಸರಿಯಾಗಿದೆ ಅನ್ನಿಸುತ್ತದೆ, ಅದು ರೈಲ್ವೆ. ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರಿನಲ್ಲೂ ಮೂರನೇ ಎ.ಸಿ.ಯಲ್ಲೂ ಪೂರ್ತಿ ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು. 2020ರಲ್ಲಿ ಕೋವಿಡ್ ಹೊತ್ತಿಗೆ ಹಿರಿಯ ನಾಗರಿಕರ ರಿಯಾಯಿತಿ ನಿಂತರೂ ಇದು ನಿಲ್ಲಲಿಲ್ಲ. ನಿಯಮದಲ್ಲಿ ‘ಚಿಕಿತ್ಸೆಗಾಗಿ’ ಅಂತಷ್ಟೇ ಇಲ್ಲ, ‘ಕಾಲಕಾಲದ ತಪಾಸಣೆಗಾಗಿ’ ಅಂತಲೂ ಇದೆ. ಹಾಗಾಗಿ ಕೆಲಸ ಬಿಟ್ಟು ಊರು ಸೇರಿದವರು ಕೂಡ ವರ್ಷಕ್ಕೊಮ್ಮೆ ಡಾಕ್ಟರ ಸಹಿ ಹಾಕಿಸಿದ ಫಾರಂ ಹಿಡಿದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುತ್ತಾರೆ. ವಾಡಿ, ಕಲಬುರಗಿ, ಸೊಲ್ಲಾಪುರ, ಭೋಪಾಲ್, ಝಾನ್ಸಿ. ಮೊದಲ ಸಲ ಬರುವಾಗ ಜೊತೆಗೆ ಅಮ್ಮ ಇರುತ್ತಾಳೆ. ಕೆಲವರ ಪಕ್ಕದ ಬರ್ತಿನಲ್ಲಿ ನಾಲ್ಕೈದು ವರ್ಷದ ಮೇಲೆ ಹೆಂಡತಿಯೋ ಗಂಡನೋ ಇರುತ್ತಾರೆ. ಕೆಲವರು ಒಬ್ಬರೇ ಬರುತ್ತಾರೆ, ಜೊತೆಗಾರರ ಖಾನೆಯಲ್ಲಿ ಅಡ್ಡಗೆರೆ ಎಳೆದು.